ಮೊದಲ ಬರೆ ಯಾರ ಕೈಗೆ

ಮೊನ್ನೆ ಪಕ್ಕದ ಮನೆಯ ಸೊಸೆ ನೆಗಡಿಯೆಂದು ಅರಿಶಿನದ ಕೊಂಬನ್ನು ಕೆಂಡದ ಮೇಲಿಟ್ಟು ಹೊಗೆ ತೆಗೆದುಕೊಳ್ಳುತ್ತಿದ್ದಳು. ಚನ್ನಗಿರಿಯ ನಮ್ಮ ಕೇರಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ. ಸುಟ್ಟ ಅರಿಶಿನದ ವಾಸನೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದದ್ದೇ ತಡ, ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಎದ್ದು ನಿಂತೆ. ಎಪ್ಪತ್ತರ ಹೆಂಗಸಿಗೆ ಬರಬಾರದಷ್ಟು ಸಿಟ್ಟು ಬಂದಿತ್ತು. ಆ ಹುಡುಗಿಯ ಮೇಲಲ್ಲ, ಪಾಪ. ರುದ್ರಪ್ಪ ಎನ್ನುವವನ ಮೇಲೆ. ಅವನು ಸತ್ತು ಎಷ್ಟೋ ವರ್ಷಗಳಾದವು. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಅವರು ಒಳ್ಳೆಯವರು. ನಾನು ಅಷ್ಟು ಒಳ್ಳೆಯವಳಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನನಗೆ ಜಗಳೂರು ಸೀಮೆಯ ಒಂದು ಹಳ್ಳಿಗೆ ಟೀಚರ್ ಕೆಲಸವಾಯಿತು. ಸೊಕ್ಕೆಯಲ್ಲಿ ಬಸ್ಸು ಇಳಿದು ಹೊಲದ ದಾರಿಯಲ್ಲಿ ನಡೆಯಬೇಕು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಇರುವವರು ಯಾವ ತಪ್ಪೂ ಮಾಡಿದವರಲ್ಲ. ತುಂಗಭದ್ರೆಯ ದಡದ ನೀರು ಕುಡಿದು ಬೆಳೆದ ನನಗೆ ಆ ಬಯಲು ಮೊದಲು ಕಣ್ಣಿಗೇ ಹಿಡಿಸಲಿಲ್ಲ. ಕಣ್ಣು ಹಾಯಿಸಿದಷ್ಟೂ ಕೆಂಪು ನೆಲ, ಶೇಂಗಾ ಕಿತ್ತ ಹೊಲ, ಅಲ್ಲೊಂದು ಇಲ್ಲೊಂದು ಬೇವಿನ ಮರ. ಜನ ಮಾತ್ರ ಬೇಗ ಹಿಡಿಸಿದರು. ಸಂಜೆಯಾದರೆ ಯಾರಾದರೂ ಹೆಂಗಸು ಬಿಸಿ ರೊಟ್ಟಿ ತಂದು, "ಒಬ್ರೇ ಇರ್ತೀರಿ, ಒಲಿ ಹಚ್ಚಾಕೆ ಬ್ಯಾಸರ ಆಗ್ತೈತಿ ನಿಮಗೆ" ಎಂದು ಕೊಟ್ಟು ಹೋಗುತ್ತಿದ್ದರು.

ಯಾವ ಊರು ಎಂದು ಕೇಳಿದವರಿಗೆಲ್ಲ ನಾನು "ಹೊನ್ನಾಳಿ ಕಡೆ" ಎನ್ನುತ್ತಿದ್ದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮದು ನ್ಯಾಮತಿ. ನ್ಯಾಮತಿ ಎಂದರೆ ಸಾಕು, ಆ ಕಾಲದಲ್ಲಿ ಎಷ್ಟೋ ಜನ "ಬರೆ ಹಾಕೋ ಅಜ್ಜಿ ಊರಾ?" ಎಂದು ಕೇಳುತ್ತಿದ್ದರು. ಆ ಅಜ್ಜಿ ನನ್ನ ಅಪ್ಪನ ತಾಯಿ. ಕಾಮಾಲೆಯಾದ ಮಕ್ಕಳನ್ನು ಎಲ್ಲೆಲ್ಲಿಂದಲೋ ಗಾಡಿಯಲ್ಲಿ, ಬಸ್ಸಿನಲ್ಲಿ ನಮ್ಮ ಮನೆಗೆ ಕರೆತರುತ್ತಿದ್ದರು. ಅಜ್ಜಿ ಅರಿಶಿನದ ಕೊಂಬಿನ ತುದಿಯನ್ನು ದೀಪಕ್ಕೆ ಹಿಡಿದು, ಅದು ಕೆಂಪಗಾದಾಗ ಎಡ ಮುಂಗೈಯ ಮೇಲೆ ಒಮ್ಮೆ ಮುಟ್ಟಿಸಿ ತೆಗೆಯುತ್ತಿದ್ದಳು. ಭತ್ತದ ಕಾಳಿನಷ್ಟು ಗುರುತು ಉಳಿಯುತ್ತಿತ್ತು. ಬರೆಯಿಂದ ಕಾಮಾಲೆ ಹೋಗುವುದಿಲ್ಲ, ಮಗುವಿಗೆ ನೋವಾಗುವುದೊಂದೇ ಲಾಭ ಎಂದು ತರಗತಿಯಲ್ಲಿ ಪಾಠ ಹೇಳುವ ನಾನು ಬರೆ ಹಾಕುವವಳ ಮೊಮ್ಮಗಳು ಎಂದು ಹೇಳಿಕೊಳ್ಳುವುದು ಹೇಗೆ? ಹೇಳಿಕೊಂಡಿದ್ದರೆ ಊರಿನ ಕಾಮಾಲೆಯೆಲ್ಲ ನನ್ನ ಬಾಗಿಲಿಗೆ ಬರುತ್ತಿತ್ತು. ಅದಕ್ಕೇ ಹೊನ್ನಾಳಿ ಕಡೆ.

ಕೊಟ್ರಮ್ಮ ನಾಲ್ಕನೆಯ ತರಗತಿಯಲ್ಲಿದ್ದಳು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಅಪ್ಪನ ತಮ್ಮ ರುದ್ರಪ್ಪನ ಮನೆಯಲ್ಲಿ ಬೆಳೆಯುತ್ತಿದ್ದಳು. ಊರಿಗಿದ್ದ ಒಂದೇ ಹಿಟ್ಟಿನ ಗಿರಣಿ ರುದ್ರಪ್ಪನದು. ಶಾಲೆಗೆ ಜಾಗ ಕೊಟ್ಟವನೂ ಅವನೇ, ಆಗಸ್ಟ್ ಹದಿನೈದಕ್ಕೆ ಪೆಪ್ಪರ್‌ಮಿಂಟ್ ಹಂಚುವವನೂ ಅವನೇ. ದೊಡ್ಡ ಮೀಸೆ, ಮೆತ್ತಗಿನ ಮಾತು, ಯಾವಾಗಲೂ ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಎದುರು ಸಿಕ್ಕರೆ ಕೈಮುಗಿದು, "ನಮ್ಮ ಕೊಟ್ರಿ ಹೆಂಗೆ ಓದ್ತಾಳ್ರೀ ಟೀಚರಮ್ಮ?" ಎಂದು ಕೇಳುತ್ತಿದ್ದ. ನಾನು ಚೆನ್ನಾಗಿ ಓದುತ್ತಾಳೆ ಎನ್ನುತ್ತಿದ್ದೆ. ನಿಜವಾಗಿಯೂ ಓದುತ್ತಿದ್ದಳು. ಮಾತು ಮಾತ್ರ ಕಡಿಮೆ, ಯಾರಾದರೂ ಹಠಾತ್ತನೆ ಕೈಯೆತ್ತಿದರೆ ಮೈ ಕುಗ್ಗಿಸುತ್ತಿದ್ದಳು.

ಶಿವರಾತ್ರಿ ಕಳೆದು ಬೆಳಗಿನ ಶಾಲೆ ಶುರುವಾಯಿತು. ಶಾಲೆ ಬಿಡುವ ಹೊತ್ತಿಗೆ ನೆಲ ಕಾದ ಹಂಚಾಗುತ್ತಿತ್ತು. ಮಕ್ಕಳ್ಯಾರಿಗೂ ಚಪ್ಪಲಿ ಇಲ್ಲ. ಗಂಟೆ ಹೊಡೆದ ಕೂಡಲೇ ಎಲ್ಲ ಹೋ ಎಂದು ಕೂಗುತ್ತಾ ಬೇವಿನ ನೆರಳಿಂದ ಗುಡಿಯ ನೆರಳಿಗೆ, ಅಲ್ಲಿಂದ ಮನೆಗಳ ನೆರಳಿಗೆ ಓಡುತ್ತಿದ್ದರು. ಅದೊಂದು ಆಟ ಅವರಿಗೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ಕೊಟ್ರಮ್ಮ ಓಡಲಿಲ್ಲ. ಆ ಕೆಂಡದಂಥ ನೆಲದ ಮೇಲೆ ಪಾದವನ್ನು ಓರೆ ಮಾಡಿ, ಹೊರ ಅಂಚಿನ ಮೇಲೆ ಮೈಭಾರ ಹಾಕಿ, ನಿಧಾನವಾಗಿ ನಡೆಯುತ್ತಿದ್ದಳು. ಮುಳ್ಳು ಚುಚ್ಚಿರಬೇಕೆಂದು ನಾನು ಅವಳನ್ನು ವಾಪಸು ಕರೆದು, ಬೆಂಚಿನ ಮೇಲೆ ಕೂರಿಸಿ, ಕಾಲು ಎತ್ತಿ ನೋಡಿದೆ.

ಎರಡು ಅಂಗಾಲಿನಲ್ಲೂ ಅಡ್ಡಡ್ಡ ಸುಟ್ಟ ಗೆರೆಗಳು. ಹಳೆಯವು ಒಣಗಿ ಕಪ್ಪಾಗಿದ್ದವು, ಅವುಗಳ ಮೇಲೆಯೇ ಹೊಸವು.

"ಏನವ್ವ ಇದು?"

"ಕಾಮಾಲಿ ಆಗಿತ್ರೀ ಅಕ್ಕೋರೆ. ಬರಿ ಹಾಕ್ಸಿದ್ರು." ಬಾಯಿಪಾಠದ ಮಗ್ಗಿಯಂತೆ ಒಂದೇ ಉಸಿರಿಗೆ ಹೇಳಿದಳು. ನಾನು ಕೊಬ್ಬರಿ ಎಣ್ಣೆ ತರಲು ಎದ್ದಾಗ ಹಿಂದಿನಿಂದ ಸಣ್ಣ ದನಿಯಲ್ಲಿ ಕೇಳಿದಳು. "ಅಕ್ಕೋರೆ, ಕಾಮಾಲಿ ವಾಸಿ ಆದಮ್ಯಾಲೂ ಬರಿ ಹಾಕ್ತಾರಾ?"

ಹಾಕುವುದಿಲ್ಲ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಸೀಮೆಯಲ್ಲೇ ಇರಲಿಲ್ಲ. ಅಂಗಾಲಿಗೆ ಯಾರೂ ಯಾವತ್ತೂ ಬರೆ ಹಾಕುವುದಿಲ್ಲ. ಬೇರೆಯವರಿಗೆ ಕಾಣಬಾರದು ಎನ್ನುವವನು ಮಾತ್ರ ಅಂಗಾಲು ಹುಡುಕುತ್ತಾನೆ.

ಅವತ್ತೇ ನಮ್ಮ ಹೆಡ್‌ಮಾಸ್ಟರಿಗೆ ಹೇಳಿದೆ. ನಾಗರಾಜ ಮೇಷ್ಟ್ರು ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ನಶ್ಯದ ಡಬ್ಬಿಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಅಂದರು, "ಮನಿ ಒಳಗಿನ ವಿಷ್ಯ ಅದು. ನಾವು ಹೋಗಿ ತಿಳ್ಸಬೇಕು ಅಂತ ಯಾವ ರೂಲ್ಸ್‌ನಾಗೂ ಇಲ್ಲ ಕಣಮ್ಮ."

"ತಿಳಿಸಬಾರದು ಅಂತ ಯಾವ ರೂಲ್ಸಿನಲ್ಲಿದೆ ಸಾರ್?"

"ಬರೆ ಅಂತ ಹೇಳ್ತೈತಲ್ಲ ಮಗು. ಮತ್ತೇನು?"

ಅಂಗಾಲಿಗೆ ಬರೆ ಹಾಕುವುದಿಲ್ಲ ಎಂದರೂ ಕೇಳಲಿಲ್ಲ. ಬರೆ ಎಂಬ ಒಂದು ಮಾತು ಎಲ್ಲರ ಬಾಯಿಗೂ ಬೀಗ ಹಾಕಿತ್ತು. ಆ ಕಡೆ ಯಾರ ಮನೆಯಲ್ಲಿ ಬರೆ ಹಾಕಿಸಿಕೊಂಡವರಿಲ್ಲ? ಶನಿವಾರ ಬಸ್ಸು ಹಿಡಿದು ಹೋಗಿ ನಮ್ಮ ಮೇಲಧಿಕಾರಿಗಳಿಗೆ ಹೇಳಿದೆ. ಅವರು ನನ್ನನ್ನು ಕೂರಿಸಿ ಚಹಾ ತರಿಸಿ, ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇಂಥ ಉತ್ಸಾಹ ಸಹಜ ಎಂದರು. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದೆ. ಅಲ್ಲಿ ಇದ್ದ ದಫೇದಾರರು ಎಲ್ಲವನ್ನೂ ಕೇಳಿ, "ಚಿಕ್ಕಪ್ಪ ಆದವ್ನು ಔಷಧ ಮಾಡ್ಸಿದ್ದಕ್ಕೆ ಕೇಸ್ ಹಾಕಾಕೆ ಬರ್ತೈತೇನ್ರೀ?" ಎಂದು ನಕ್ಕರು. ಚಹಾ ಮಾತ್ರ ಅಲ್ಲಿ ಸಿಗಲಿಲ್ಲ. ವಾಪಸು ಬರುವಾಗ ಸೊಕ್ಕೆಯಿಂದ ಊರವರೆಗೂ ಬಯ್ಯುತ್ತಾ ನಡೆದೆ. ದಾರಿಯಲ್ಲಿ ಕುರಿ ಕಾಯುತ್ತಿದ್ದ ಒಬ್ಬಾತ, ಯಾರನ್ನು ಬಯ್ಯುತ್ತಿದ್ದೀರಿ ತಾಯಿ ಎಂದು ಹಿಂದೆ ಮುಂದೆ ನೋಡಿದ.

ನಾನು ತಿಳಿಸಿದ್ದು ನನಗಿಂತ ಮೊದಲೇ ರುದ್ರಪ್ಪನನ್ನು ಮುಟ್ಟಿತ್ತು. ಸೋಮವಾರದಿಂದ ಕೊಟ್ರಮ್ಮ ಶಾಲೆಗೆ ಬರಲಿಲ್ಲ. ಅವಳ ಖಾಲಿ ಜಾಗವನ್ನು ನೋಡುತ್ತಾ ಪಾಠ ಮಾಡುವುದಿದೆಯಲ್ಲ, ಅದು ಬೇಡ. ಮನೆಗೆ ಹೋದರೆ ರುದ್ರಪ್ಪನ ಹೆಂಡತಿ ಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. ನನ್ನ ಮುಖವನ್ನು ನೋಡದೆ, "ಹೋಗ್ರೀ ಟೀಚರಮ್ಮ. ನೀವು ಬಂದು ಹೋದ ದಿನ ಇನ್ನೂ ಜಾಸ್ತಿ ಆಗ್ತೈತಿ" ಎಂದಳು. ಅವಳ ಕಣ್ಣಿನ ಕೆಳಗೂ ಒಂದು ಕಲೆಯಿತ್ತು. ಆ ರಾತ್ರಿ ನಾನು ರುದ್ರಪ್ಪನಿಗೆ ಏನೇನು ಆಗಬೇಕೆಂದು ಬಯಸಿದೆನೋ ಅದನ್ನು ಇಲ್ಲಿ ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ.

ಅವನೇ ತನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡ. ಸುಮ್ಮನಿದ್ದಿದ್ದರೆ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಆದರೆ ನಾನು ಆ ಊರಿನಲ್ಲಿ ಉಳಿಯುವುದು ಅವನಿಗೆ ಬೇಕಿರಲಿಲ್ಲ. ಟೀಚರು ಮರ್ಯಾದಸ್ಥರ ಮನೆಯ ಮೇಲೆ ಇಲ್ಲದ್ದು ಹೇಳುತ್ತಾಳೆ, ಅವಳನ್ನು ಎತ್ತಂಗಡಿ ಮಾಡಿ ಎಂದು ಮೇಲಿನವರೆಗೂ ದೂರು ಹೋಯಿತು. ಪರೀಕ್ಷೆ ಮುಗಿದ ವಾರ ವಿಚಾರಣೆಗೆಂದು ಅದೇ ಮೇಲಧಿಕಾರಿಗಳು ಜೀಪಿನಲ್ಲಿ ಬಂದರು. ಗಲಾಟೆಯಾದೀತೆಂದು ದಫೇದಾರರನ್ನೂ ಕರೆತಂದಿದ್ದರು. ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ಊರಿಗೆ ಊರೇ ಸೇರಿತು. ಬಿಸಿಗಾಳಿಗೆ ಬೇವಿನ ಹೂವು ಉದುರಿ ಸಾಹೇಬರ ತಲೆಯ ಮೇಲೆಲ್ಲ ಬೀಳುತ್ತಿತ್ತು. ಹೆಂಗಸರು ಶಾಲೆಯ ಜಗಲಿಯ ಮೇಲೆ ನಿಂತಿದ್ದರು. ಗಂಗಮ್ಮನೂ ಅಲ್ಲಿದ್ದಳು, ಸೆರಗು ಮುಖದ ಮೇಲೆ.

"ಆ ಹುಡುಗೀನ ಕರೆಸಿ ಕಾಲು ನೋಡಿಬಿಡೋಣ" ಎಂದರು ಸಾಹೇಬರು.

"ಊರ ಮುಂದೆ ಆ ಮಗುವನ್ನು ನಿಲ್ಲಿಸಿ ಕಾಲು ಎತ್ತಿಸಿದರೆ ನಾನೇ ರಾಜೀನಾಮೆ ಕೊಟ್ಟು ಹೋಗುತ್ತೇನೆ ಸಾರ್. ನೋಡುವುದಿದ್ದರೆ ಆಸ್ಪತ್ರೆಯಲ್ಲಿ ಡಾಕ್ಟರು ನೋಡಲಿ" ಎಂದೆ.

ರುದ್ರಪ್ಪ ಎದ್ದು ಎಲ್ಲರಿಗೂ ಕೈಮುಗಿದ. "ಸಾಹೇಬ್ರೆ, ನಮ್ಮಣ್ಣನ ಮಗಳು ಅದು. ನನ್ನ ಕಣ್ಣು ಅದು. ಕಾಮಾಲಿ ಆಗಿ ಸಾಯಾಕೆ ಬಿದ್ದಿತ್ತು. ಬರಿ ಹಾಕ್ಸಿ ಉಳಿಸ್ಕೊಂಡೆ. ಅದಕ್ಕೆ ಈ ಟೀಚರಮ್ಮ ನನ್ನ ಕೊಲೆಗಾರ ಮಾಡ್ಯಾರೆ." ದನಿ ಒಡೆಯಿತು. ಎಷ್ಟು ಚೆನ್ನಾಗಿ ಒಡೆಯಿತೆಂದರೆ ಮುಂದೆ ಕೂತಿದ್ದ ಇಬ್ಬರು ಕಣ್ಣೊರೆಸಿಕೊಂಡರು.

"ಯಾರ ಹತ್ತಿರ ಹಾಕಿಸಿದಿರಿ?" ಸಾಹೇಬರು ಬರೆದುಕೊಳ್ಳಲೆಂದಷ್ಟೇ ಕೇಳಿದರು.

ಯಾವುದಾದರೂ ಹಾದಿಬೀದಿಯ ಹೆಸರು ಹೇಳಬಹುದಿತ್ತು. ಆದರೆ ಊರ ಬಾಯಿ ಮುಚ್ಚಿಸಲು ದೊಡ್ಡ ಹೆಸರೇ ಬೇಕಲ್ಲ. ಎದೆ ಉಬ್ಬಿಸಿ ಹೇಳಿದ, "ಸುಮ್ನೆ ಯಾರ್ ಹತ್ರಾನೋ ಅಲ್ರೀ. ನ್ಯಾಮತಿ ಅಜ್ಜಿ ಹತ್ರಾನೇ ಹಾಕ್ಸೀನಿ. ನಾನೇ ಹೆಗಲ ಮ್ಯಾಲೆ ಹೊತ್ಕೊಂಡು ಹೋಗಿದ್ದೆ."

ನನ್ನ ಜೀವಮಾನದಲ್ಲಿ ಅಂಥ ಸಂತೋಷ ಆಗಿದ್ದು ಅದೊಂದೇ ಸಲ. ಮದುವೆಯ ದಿನವೂ ಆಗಲಿಲ್ಲ, ಮಗ ಹುಟ್ಟಿದ ದಿನವೂ ಆಗಲಿಲ್ಲ. ನಾನು ಅವಸರ ಮಾಡಲಿಲ್ಲ. ಸೆರಗು ಸರಿ ಮಾಡಿಕೊಂಡೆ. ಅವನು ಆ ಸುಳ್ಳಿನ ಒಳಗೆ ಇನ್ನೂ ಸ್ವಲ್ಪ ಬರಲಿ ಎಂದು ಬಾಗಿಲು ತೆರೆದು ಹಿಡಿದೆ.

"ಆ ಅಜ್ಜಿ ಮನೆಗೆ ನೀವೇ ಹೋಗಿದ್ರಾ ರುದ್ರಪ್ಪನವ್ರೆ? ಬೇರೆ ಯಾರ ಕೈಲೂ ಕಳಿಸಲಿಲ್ವಾ?"

"ನಾನೇ ರೀ! ನನ್ನ ಕೈಯಾರೆ ಮಗೂನ ಹಿಡ್ಕೊಂಡಿದ್ದೆ."

"ಹಾಗಾದರೆ ನಿಮ್ಮ ಎಡಗೈ ತೋರಿಸಿ."

ಅವನಿಗೆ ಅರ್ಥವಾಗಲಿಲ್ಲ. ಸಾಹೇಬರಿಗೂ ಆಗಲಿಲ್ಲ. ಆದರೆ ಜನರ ನಡುವಿನಿಂದ ತಿಪ್ಪಜ್ಜ ಎನ್ನುವ ಮುದುಕ, ಊರಿನ ಬಡಗಿ, ಗಕ್ಕನೆ ತಲೆಯೆತ್ತಿದ.

ನಾನು ಹೇಳಿದೆ. ನ್ಯಾಮತಿ ನನ್ನ ಊರು, ಆ ಅಜ್ಜಿ ನನ್ನ ಸ್ವಂತ ಅಜ್ಜಿ, ಅವಳ ಪಕ್ಕದಲ್ಲಿ ದೀಪ ಹಿಡಿದು ಕೂತು ಬೆಳೆದವಳು ನಾನು. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಮಗುವನ್ನು ಕರೆತಂದವರು ಯಾರೇ ಇರಲಿ, ಗೌಡರಿರಲಿ, ಸಾಹುಕಾರರಿರಲಿ, ಮೊದಲ ಬರೆ ಅವರ ಎಡ ಮುಂಗೈಗೆ. ಆಮೇಲೆ ಮಗುವಿಗೆ. ಕೂಸಿಗೆ ಏನು ಮಾಡಿಸುತ್ತಿದ್ದೇನೆ ಎಂದು ಹಿರಿಯರ ಮೈಗೆ ಮೊದಲು ಗೊತ್ತಾಗಬೇಕು ಎನ್ನುತ್ತಿದ್ದಳು ಅಜ್ಜಿ. ಕೈ ಚಾಚಲು ಹೆದರಿದವರನ್ನು ಹಾಗೆಯೇ ಎಬ್ಬಿಸಿ ಕಳಿಸುತ್ತಿದ್ದಳು. ಆ ಮನೆಯಿಂದ ಗುರುತಿಲ್ಲದೆ ಹೊರಗೆ ಬಂದ ಅಪ್ಪನಿಲ್ಲ, ಚಿಕ್ಕಪ್ಪನಿಲ್ಲ.

"ಹೌದ್ರೀ ಸಾಹೇಬ್ರೆ!" ತಿಪ್ಪಜ್ಜ ಎದ್ದು ನಿಂತು ಅಂಗಿಯ ತೋಳು ಮೇಲೆಳೆದ. "ನಮ್ಮ ಹುಡುಗಂಗೆ ಆದಾಗ ಹೋಗಿದ್ದೆ. ಮದ್ಲು ನಂಗೇ ಹಾಕಿದ್ಲು ಮುದುಕಿ. ಯಪ್ಪಾ ಅಂತ ಕೂಗಿದ್ದೆ. ನೋಡ್ರಿ ಇಲ್ಲಿ ಐತೆ." ಮುದಿ ತೊಗಲಿನ ನಡುವೆ ಭತ್ತದ ಕಾಳಿನಷ್ಟು ಬಿಳಿಯ ಗುರುತು. ದಫೇದಾರರು ಬಗ್ಗಿ ನೋಡಿದರು.

ಆಮೇಲೆ ಎಲ್ಲರೂ ರುದ್ರಪ್ಪನ ಕಡೆ ತಿರುಗಿದರು. ಅವನ ಅಂಗಿಯ ತೋಳು ಎಂದಿನಂತೆ ಮೊಣಕೈವರೆಗೆ ಮಡಚಿಯೇ ಇತ್ತು. ಯಾರೂ ಏನೂ ಎತ್ತಿ ತೋರಿಸಬೇಕಾಗಿರಲಿಲ್ಲ. ನುಣ್ಣನೆಯ, ಎಣ್ಣೆ ಹಚ್ಚಿದಂಥ ಕೈ. ಅವನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಮರ್ತಿದ್ದೆ ರೀ... ನಾನಲ್ಲ, ನಮ್ಮ ಮನಿಯಾಕಿ ಹೋಗಿದ್ಲು..."

ಜಗಲಿಯಿಂದ ಗಂಗಮ್ಮನ ದನಿ ಬಂತು. ಆ ದನಿಯನ್ನು ಊರಿನ ಗಂಡಸರು ಅದಕ್ಕೆ ಮೊದಲು ಕೇಳಿದ್ದರೋ ಇಲ್ಲವೋ. "ನಾನ್ಯಾವ ನ್ಯಾಮತಿಗೂ ಹೋಗಿಲ್ರೀ. ಅವ್ರೂ ಹೋಗಿಲ್ಲ. ಕೊಟ್ರಿಗೆ ಕಾಮಾಲಿನೇ ಆಗಿರಲಿಲ್ಲ. ಗಿರಣಿ ಸರಳು ಕಾಸಿ ಇಟ್ಟಿದ್ದು. ಹಿಟ್ಟು ಚೆಲ್ಲಿದ್ಲು ಅಂತ ಒಂದು ಸಲ, ನಕ್ಕಳು ಅಂತ ಒಂದು ಸಲ." ಎರಡೂ ಕೈಯನ್ನು ಮುಂದೆ ಚಾಚಿದಳು, ಮೊಣಕೈವರೆಗೂ ಸೆರಗು ಸರಿಸಿ. ಅವಳ ಕೈಯಲ್ಲಿ ನಮ್ಮ ಅಜ್ಜಿಯ ಗುರುತು ಇರಲಿಲ್ಲ. ಬೇರೆಯವು ಇದ್ದವು.

ನಮ್ಮ ಮೇಲಧಿಕಾರಿಗಳು ಪೆನ್ನಿನ ಮುಚ್ಚಳ ಹಾಕಿದರು. ದಫೇದಾರರು ನನ್ನ ಕಡೆ ನೋಡಲಿಲ್ಲ. ಟೋಪಿ ತಲೆಗಿಟ್ಟುಕೊಂಡು, "ನಡೀರಿ" ಎಂದು ರುದ್ರಪ್ಪನ ಅದೇ ಎಡಗೈ ಹಿಡಿದರು. ನಾಗರಾಜ ಮೇಷ್ಟ್ರು ನಶ್ಯ ಏರಿಸಿ ಜೋರಾಗಿ ಸೀನಿದರು. ನಾನೂ ಗಂಗಮ್ಮನೂ ಸಾಹೇಬರ ಜೀಪಿನಲ್ಲಿ ಕೊಟ್ರಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ತೊಡೆಯ ಮೇಲೆ ಕಾಲಿಟ್ಟುಕೊಂಡು ಮಲಗಿದ್ದಳು. ಮೊದಲ ಸಲ ಜೀಪು ಹತ್ತಿದ್ದಳಂತೆ, ಕಿಟಕಿಯಿಂದ ಮಾತ್ರ ಕಣ್ಣು ತೆಗೆಯಲಿಲ್ಲ.

ಕೇಸು ಏನಾಯಿತು ಎಂದು ಕೇಳಬೇಡಿ. ಕೆಲವು ದಿನ ಒಳಗಿದ್ದ, ಜಾಮೀನಿನ ಮೇಲೆ ಹೊರಗೆ ಬಂದ, ವಾಯಿದೆ ಮೇಲೆ ವಾಯಿದೆ ಬಿದ್ದು ಕೇಸು ಸವೆದುಹೋಯಿತು. ಹೊರಗೆ ಬಂದ ಮೇಲೆ, ಕೊಟ್ರಿ ನಮ್ಮ ಮನೆಯ ಮಗಳು, ವಾಪಸು ಕೊಡಿ ಎಂದು ಕೇಳುವಷ್ಟು ಮುಖವೂ ಅವನಿಗಿತ್ತು. ಆದರೆ ಅಷ್ಟರಲ್ಲಿ ಉಬ್ರಾಣಿಯಿಂದ ಅವಳ ತಾಯಿಯ ತಾಯಿ ಬಂದು ಮೊಮ್ಮಗಳನ್ನು ಕರೆದುಕೊಂಡು ಹೋಗಿಯಾಗಿತ್ತು. ಬಸ್ಸು ಹತ್ತಿಸುವಾಗ ಆ ಮುದುಕಿ ನನ್ನ ಕೈ ಹಿಡಿದು, "ಚಿಕ್ಕಪ್ಪ ಅಂದ್ರೆ ಅಪ್ಪ ಇದ್ದಂಗೆ ಅಂತ ಬಿಟ್ಟಿದ್ದೆ ನನ್ನವ್ವ" ಎಂದು ಅತ್ತಳು. ಗಂಗಮ್ಮ ತವರಿಗೆ ಹೋದವಳು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಕೋರ್ಟು ಮಾಡದ್ದನ್ನು ಊರು ಮಾಡಿತು. ಹೆಂಗಸರು ಅವನ ಗಿರಣಿಗೆ ಹೋಗುವುದನ್ನು ಬಿಟ್ಟರು. ಯಾರೂ ಸಭೆ ಸೇರಲಿಲ್ಲ, ಯಾರೂ ಹೇಳಲಿಲ್ಲ. ಜೋಳದ ಪುಟ್ಟಿ ತಲೆಯ ಮೇಲೆ ಹೊತ್ತು ಅದೇ ಬಿಸಿಲಿನಲ್ಲಿ ಸೊಕ್ಕೆಯವರೆಗೆ ನಡೆದರು, ಬೀಸಿಸಿಕೊಂಡು ಬಂದರು. ಕೇಳಿದರೆ, "ಅಲ್ಲಿ ಹಿಟ್ಟು ಸಣ್ಣಗೆ ಬರ್ತೈತಿ" ಎನ್ನುತ್ತಿದ್ದರು. ಮಕ್ಕಳು ಇನ್ನೂ ಕ್ರೂರಿಗಳು. ಅವನು ಬೀದಿಯಲ್ಲಿ ಬಂದರೆ ಸಾಲಾಗಿ ನಿಂತು ಎಡಗೈ ಮುಂದೆ ಚಾಚುತ್ತಿದ್ದರು, ಒಂದು ಮಾತೂ ಆಡದೆ. ತಪ್ಪು ಎಂದು ನಾನು ಗದರಬೇಕಿತ್ತು. ಗದರಲಿಲ್ಲ. ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ರುದ್ರಪ್ಪ ಉದ್ದ ತೋಳಿನ ಅಂಗಿಯನ್ನು ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡು ತಿರುಗಲು ಶುರು ಮಾಡಿದ್ದ. ಆ ಸೆಕೆಯಲ್ಲಿ ಬೆವರಿ ಒದ್ದೆಯಾದ ಅವನ ತೋಳನ್ನು ನೋಡಿದರೆ ನನ್ನ ಮೈಗೆ ತಂಪಾಗುತ್ತಿತ್ತು.

ಮುಂದೆ ನಾನು ಮದುವೆಯಾಗಿ, ವರ್ಗ ಮಾಡಿಸಿಕೊಂಡು ಸೂಳೆಕೆರೆಯ ಹತ್ತಿರದ ಶಾಲೆಗೆ ಬಂದೆ. ಉಬ್ರಾಣಿ ಅಲ್ಲಿಂದ ದೂರವಲ್ಲ. ಆಗಾಗ ಹೋಗಿ ಕೊಟ್ರಮ್ಮನನ್ನು ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಬೇವಿನ ಮರದ ಕೆಳಗೆ ನಡೆದದ್ದನ್ನು ನನ್ನಿಂದ ಹೇಳಿಸಿ ಕೇಳುತ್ತಿದ್ದಳು. ಹೈಸ್ಕೂಲು ಮುಗಿಸಿದಳು, ಹೊಲಿಗೆ ಕಲಿತಳು, ಮಾತು ಕಲಿತಳು. ಎಂಬತ್ತರ ದಶಕದ ಕೊನೆಗೆ ಅವಳ ಮದುವೆ ಗೊತ್ತಾಯಿತು. ಮನೆ ಮುಂದೆ ಚಪ್ಪರ, ಒಳಗೆ ಹೆಂಗಸರ ಗದ್ದಲ. ಅಕ್ಷತೆಯ ಹೊತ್ತಿಗೆ ನೋಡಿದರೆ ಬಾಗಿಲಲ್ಲಿ ರುದ್ರಪ್ಪ. ಕೂದಲು ನರೆತಿತ್ತು, ಮೀಸೆ ಇಳಿದಿತ್ತು, ಅಂಗಿಯ ಗುಂಡಿ ಮಣಿಕಟ್ಟಿನವರೆಗೂ ಹಾಕಿತ್ತು. ಯಾರೂ ಕರೆದಿರಲಿಲ್ಲ. ಹುಡುಗಿಯ ತಂದೆಯ ಕಡೆಯವರು ಒಬ್ಬರೂ ಇಲ್ಲದಿದ್ದರೆ ಬೀಗರ ಮುಂದೆ ಹೇಗೆ ಎಂದು ಯಾರೋ ಹಿರಿಯರು ಪಿಸುಗುಟ್ಟಿದರು. ಮದುವೆಯ ದಿನ ಜಗಳ ಬೇಡ, ಆದದ್ದು ಆಯಿತು, ನಾಲ್ಕು ಅಕ್ಕಿಕಾಳು ಹಾಕಿ ಹೋಗಲಿ ಬಿಡಿ ಎಂದು ಮತ್ತೊಬ್ಬರು ಅಂದರು. ಎದ್ದು ಹೋಗಿ ಅವನನ್ನು ಹೊರಗೆ ದಬ್ಬಲೇ ಎಂದು ನೋಡಿದೆ. ಆದರೆ ಅದು ನನ್ನ ಮದುವೆಯಲ್ಲ.

ಅವನು ಬಗ್ಗಿಕೊಂಡು ಮುಂದೆ ಬಂದ. ಮುಷ್ಟಿಯಲ್ಲಿ ಅಕ್ಕಿಕಾಳು. "ಕೊಟ್ರೀ... ದೊಡ್ಡಾಕಿ ಆದೆಲ್ಲವ್ವ" ಎಂದ. ಅವನ ದನಿ ಮತ್ತೆ ಒಡೆಯಿತು, ಬೇವಿನ ಮರದ ಕೆಳಗೆ ಒಡೆದ ಹಾಗೆಯೇ.

ಬಾಸಿಂಗ ಕಟ್ಟಿದ ಮುಖವನ್ನು ಕೊಟ್ರಮ್ಮ ಮೇಲೆತ್ತಿದಳು. ಅವಳ ದನಿ ಒಡೆಯಲಿಲ್ಲ, ಚಪ್ಪರದ ಕೊನೆಯವರೆಗೂ ಕೇಳಿಸಿತು.

"ಮದ್ಲು ಎಡಗೈ ತೋರ್ಸು ಚಿಕ್ಕಪ್ಪ. ಆಮ್ಯಾಲೆ ಅಕ್ಕಿಕಾಳು ಹಾಕುವಂತಿ."

ವಾಲಗ ನಿಂತುಹೋಯಿತು. ಅವನು ಕೈ ತೋರಿಸಲಿಲ್ಲ. ಮುಷ್ಟಿಯ ಅಕ್ಕಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅತ್ತ ಇತ್ತ ನೋಡಿ, ಕೊನೆಗೆ ಮುಷ್ಟಿ ಬಿಗಿ ಹಿಡಿದುಕೊಂಡೇ ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಯಾರೂ ಊಟ ಮಾಡಿಕೊಂಡು ಹೋಗು ಅನ್ನಲಿಲ್ಲ. ಕೊಟ್ರಮ್ಮ ವಾಲಗದವರ ಕಡೆ ನೋಡಿ ಕೈ ಬೀಸಿದಳು, ಅವರು ಮತ್ತೆ ಊದತೊಡಗಿದರು.

ನಾನು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕುಳಿತೆ. ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡೆ, ತುಪ್ಪವನ್ನೂ.